ಸೈರನ್ ಕೇಳಿದ ಮೇಲಿನ ಎರಡು ಸೆಕೆಂಡು

(ಚಿಕ್ಕಮಗಳೂರಿನಲ್ಲಿ ಆಟೊ ಚಾಲಕರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ 108 ಆಂಬುಲೆನ್ಸ್ ಪೈಲಟ್ ಒಬ್ಬರು ಆಡಿದ ಮಾತುಗಳ ಬರಹ ರೂಪ.)

ಮೊದಲು ಒಂದು ಪ್ರಶ್ನೆ. ನೀವು ಐ.ಜಿ. ರಸ್ತೆಯಲ್ಲಿ ಗಾಡಿ ಓಡಿಸುತ್ತಿದ್ದೀರಿ. ಹಿಂದಿನಿಂದ ಸೈರನ್ ಕೇಳಿತು. ಮೊದಲು ಏನು ಮಾಡುತ್ತೀರಿ? ಹೆಚ್ಚಿನವರು "ಎಡಕ್ಕೆ ಸರಿಯುತ್ತೇವೆ" ಅಂದಿರಿ. ಕೆಲವರು "ನಿಲ್ಲಿಸ್ತೀವಿ" ಅಂದಿರಿ. ಹಿಂದೆ ಕೂತಿರುವ ಆಟೊ ಅಣ್ಣ ಒಬ್ಬರು ಮಾತ್ರ "ಕನ್ನಡಿ ನೋಡ್ತೀನಿ" ಅಂದರು. ಆ ಉತ್ತರ ನೆನಪಿಟ್ಟುಕೊಳ್ಳಿ.

ನಮ್ಮಲ್ಲಿ ಆಂಬುಲೆನ್ಸ್ ಓಡಿಸುವವರಿಗೆ ಪೈಲಟ್ ಅಂತಾರೆ. ಹಿಂದೆ ರೋಗಿಯ ಪಕ್ಕ ಕೂತು ತುರ್ತು ಚಿಕಿತ್ಸೆ ಕೊಡುವವರು ಇಎಂಟಿ, ಅಂದರೆ ಎಮರ್ಜೆನ್ಸಿ ಮೆಡಿಕಲ್ ಟೆಕ್ನಿಷಿಯನ್. ರಾಜ್ಯದಲ್ಲಿ 108 ಶುರುವಾಗಿದ್ದು 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಅದಕ್ಕೆ ಮುಂಚೆ ನಮ್ಮ ಕಡೆ ತೋಟದ ಲೈನ್ ಮನೆಯಲ್ಲಿ ರಾತ್ರಿ ಯಾರಿಗಾದರೂ ಹೆರಿಗೆ ನೋವು ಬಂದರೆ, ಯಾರ ಮನೆಯಲ್ಲಿ ಜೀಪ್ ಇದೆ ಅಂತ ಹುಡುಕಿಕೊಂಡು ಹೋಗಬೇಕಿತ್ತು. ಆ ಜೀಪಿಗೆ ಸೈರನ್ ಇರಲಿಲ್ಲ. ಒಬ್ಬರು ಕಿಟಕಿಯಿಂದ ಕೈ ಹೊರಗೆ ಹಾಕಿ ಬಿಳಿ ಟವೆಲ್ ಬೀಸುತ್ತಿದ್ದರು. ಟವೆಲ್ ಕಂಡರೆ ಎದುರಿನ ಲಾರಿಯವರಿಗೆ ಅರ್ಥ ಆಗುತ್ತಿತ್ತು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಸೈರನ್ನನ್ನು ಸಿಕ್ಕಾಪಟ್ಟೆ ನಂಬಿದ್ದೆ. ಬಟನ್ ಒತ್ತಿದರೆ ರಸ್ತೆ ತಾನಾಗಿ ಬಿಡುತ್ತದೆ ಅಂದುಕೊಂಡಿದ್ದೆ. ಒಂದು ಮಧ್ಯಾಹ್ನ ಎದೆನೋವಿನ ರೋಗಿಯನ್ನು ಕರೆದುಕೊಂಡು ಬರುತ್ತಿದ್ದೆ. ಮುಂದೆ ಒಂದು ಕಾರು. ಸೈರನ್ ಹಾಕಿದ್ದೆ, ಲೈಟ್ ಹಾಕಿದ್ದೆ, ಹಾರ್ನ್ ಕೂಡ ಹೊಡೆದೆ. ಕಾರು ಅಲ್ಲಾಡಲಿಲ್ಲ. ಇನ್ನೂ ಹತ್ತಿರ ಹೋದೆ. ಇದ್ದಕ್ಕಿದ್ದಂತೆ ಕಾರಿನವರು ನಡು ರಸ್ತೆಯಲ್ಲೇ ಬ್ರೇಕ್ ಹೊಡೆದರು. ನಾನೂ ಹೊಡೆದೆ. ಒಂದು ಗೇಣು ಅಂತರದಲ್ಲಿ ಗಾಡಿ ನಿಂತಿತು. ಹಿಂದೆ ಇಎಂಟಿ ಮುಗ್ಗರಿಸಿ ಆಕ್ಸಿಜನ್ ಸಿಲಿಂಡರ್ ಸ್ಟ್ಯಾಂಡಿಗೆ ಮೊಣಕೈ ಬಡಿದುಕೊಂಡರು. ರಕ್ತ ಬಂತು. ರೋಗಿಗೆ ಬೆಲ್ಟ್ ಕಟ್ಟಿದ್ದರಿಂದ ಅವರಿಗೆ ಏನೂ ಆಗಲಿಲ್ಲ. ಆವತ್ತು ಆ ಕಾರಿನವರಿಗೆ ಚೆನ್ನಾಗಿ ಬೈದೆ. ಎಷ್ಟೋ ದಿನ ಆದ ಮೇಲೆ ಕೂತು ಲೆಕ್ಕ ಹಾಕಿದಾಗ ತಪ್ಪು ಅವರೊಬ್ಬರದ್ದೇ ಅಲ್ಲ ಅಂತ ಗೊತ್ತಾಯಿತು.

ಆ ಲೆಕ್ಕ ಹೇಳುತ್ತೇನೆ, ವಿದ್ಯಾರ್ಥಿಗಳು ಜೊತೆಗೇ ಮಾಡಿ ನೋಡಿ. ಸೈರನ್ನಿನ ಮುಂದೆ ಒಂದು ಮೀಟರ್ ದೂರದಲ್ಲಿ ಶಬ್ದ 120 ಡೆಸಿಬಲ್ ಇದೆ ಅಂತಿಟ್ಟುಕೊಳ್ಳಿ. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಶಬ್ದ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಎರಡು ಮೀಟರಿಗೆ 114, ನಾಲ್ಕಕ್ಕೆ 108. ಹೀಗೇ ಹೋದರೆ 64 ಮೀಟರ್ ದೂರದಲ್ಲಿ ಉಳಿಯುವುದು 84. ಕಾರಿನ ಗಾಜು ಏರಿಸಿದ್ದರೆ ಅದರಲ್ಲಿ ಇನ್ನೂ ಸುಮಾರು 30 ಹೋಗುತ್ತದೆ. ಉಳಿದಿದ್ದು 54. ಇಬ್ಬರು ಎದುರುಬದುರು ಕೂತು ಮೆಲ್ಲಗೆ ಮಾತಾಡಿದಷ್ಟು ಶಬ್ದ ಅದು. ಕಾರಿನೊಳಗೆ ಎಸಿ ಓಡುತ್ತಿದೆ, ಹಾಡು ಹಾಕಿದ್ದಾರೆ, ಹಿಂದಿನ ಸೀಟಿನಲ್ಲಿ ಮಕ್ಕಳು ಜಗಳ ಆಡುತ್ತಿದ್ದಾರೆ. ಸೈರನ್ ಎಲ್ಲಿ ಕೇಳಬೇಕು?

ಅವರಿಗೆ ಅದು ಸರಿಯಾಗಿ ಕೇಳುವುದು ನಾನು ಇಪ್ಪತ್ತು ಮೀಟರ್ ಹತ್ತಿರ ಬಂದ ಮೇಲೆ ಅಂತಿಟ್ಟುಕೊಳ್ಳಿ. ನನ್ನ ವೇಗ ಗಂಟೆಗೆ 72 ಕಿಲೋಮೀಟರ್, ಅಂದರೆ ಸೆಕೆಂಡಿಗೆ 20 ಮೀಟರ್. ಅವರದ್ದು 36, ಅಂದರೆ ಸೆಕೆಂಡಿಗೆ 10. ಪ್ರತಿ ಸೆಕೆಂಡಿಗೂ ನಾನು ಅವರಿಗೆ ಹತ್ತು ಮೀಟರ್ ಹತ್ತಿರ ಆಗುತ್ತಿದ್ದೇನೆ. ಇಪ್ಪತ್ತು ಮೀಟರಿಗೆ ಎಷ್ಟಾಯಿತು? ಎರಡು ಸೆಕೆಂಡು. ಅಷ್ಟರಲ್ಲಿ ಅವರಿಗೆ ಶಬ್ದ ಕೇಳಬೇಕು, ಅದು ಏನು ಅಂತ ತಿಳಿಯಬೇಕು, ಎಲ್ಲಿಂದ ಅಂತ ಗೊತ್ತಾಗಬೇಕು, ಎಡಕ್ಕೆ ಜಾಗ ಇದೆಯಾ ನೋಡಬೇಕು, ಸ್ಟಿಯರಿಂಗ್ ತಿರುಗಿಸಬೇಕು. ಗಾಬರಿ ಆಗದೆ ಇರುತ್ತದಾ? ಗಾಬರಿ ಆದ ಮನುಷ್ಯನ ಕಾಲು ಹೋಗುವುದು ಬ್ರೇಕ್ ಮೇಲೆಯೇ.

ಆ ಲೆಕ್ಕ ಹಾಕಿದ ಮೇಲೆ ನಾನು ಮುಂದಿನ ಗಾಡಿಯ ಬೆನ್ನಿಗೆ ಅಂಟಿಕೊಂಡು ಹೋಗುವುದನ್ನು ಬಿಟ್ಟೆ. ಸ್ವಲ್ಪ ದೂರ ಇಟ್ಟುಕೊಂಡು, ಸ್ವಲ್ಪ ಬಲಕ್ಕೆ ಬಂದು, ಅವರ ಕನ್ನಡಿಯಲ್ಲಿ ನಾನು ಕಾಣುವ ಹಾಗೆ ಓಡಿಸುತ್ತೇನೆ. ಕಂಡ ಮೇಲೆ ಅವರೇ ಸರಿಯುತ್ತಾರೆ.

ಸೈರನ್ನಿನಲ್ಲಿ ಬೇರೆ ಬೇರೆ ಕೂಗುಗಳಿವೆ, ಗಮನಿಸಿದ್ದೀರಲ್ವಾ? ಉದ್ದಕ್ಕೆ ಏರಿ ನಿಧಾನಕ್ಕೆ ಇಳಿಯುವುದು ವೇಲ್. ಬಡಬಡ ಏರಿಳಿಯುವುದು ಯೆಲ್ಪ್. ಎರಡು ಸ್ವರ ಒಂದಾದ ಮೇಲೊಂದು ಬರುವುದು ಹೈ-ಲೋ. ನೇರ ರಸ್ತೆಯಲ್ಲಿ ನಾವು ಹಾಕುವುದು ಉದ್ದದ ಕೂಗು. ಸರ್ಕಲ್ ಹತ್ತಿರ ಬರುತ್ತಿದ್ದ ಹಾಗೆ ಬಡಬಡ ಕೂಗಿಗೆ ಬದಲಾಯಿಸುತ್ತೇವೆ. ಒಂದೇ ಶಬ್ದ ಕೇಳಿ ಕೇಳಿ ಕಿವಿ ಅದನ್ನು ಬಿಟ್ಟುಬಿಡುತ್ತದೆ, ಮನೆಯ ಫ್ಯಾನಿನ ಸದ್ದು ಸ್ವಲ್ಪ ಹೊತ್ತಿಗೆ ಕೇಳಿಸದೇ ಹೋಗುತ್ತದಲ್ಲ, ಹಾಗೆ. ಶಬ್ದ ಬದಲಾದ ಕೂಡಲೇ ಕಿವಿ ಮತ್ತೆ ಎಚ್ಚರ ಆಗುತ್ತದೆ.

ಎಷ್ಟೇ ಬದಲಾಯಿಸಿದರೂ ಸರ್ಕಲ್ಲಿನಲ್ಲಿ ನನಗೆ ಸೈರನ್ ಮೇಲೆ ನಂಬಿಕೆ ಇಲ್ಲ. ಹನುಮಂತಪ್ಪ ಸರ್ಕಲ್ ತೆಗೆದುಕೊಳ್ಳಿ. ಅಡ್ಡ ರಸ್ತೆಯಿಂದ ಬರುವವರಿಗೂ ನನಗೂ ನಡುವೆ ಕಟ್ಟಡಗಳಿವೆ. ನನ್ನ ಸ್ಪೀಕರ್ ಮುಖ ಮುಂದಕ್ಕಿದೆ, ಅವರಿರುವುದು ಪಕ್ಕದಲ್ಲಿ. ಶಬ್ದ ಗೋಡೆಗೆ ಬಡಿದು, ತಿರುಗಿ, ಎಲ್ಲಿಂದಲೋ ಬಂದ ಹಾಗೆ ಅವರಿಗೆ ಕೇಳುತ್ತದೆ. ಕೆಂಪು ಸಿಗ್ನಲ್ ದಾಟಲು ನಿಯಮ ನಮಗೆ ಅವಕಾಶ ಕೊಟ್ಟಿದೆ, ಆದರೆ ಎಚ್ಚರಿಕೆಯಿಂದ ದಾಟಬೇಕು ಅಂತಲೇ ಕೊಟ್ಟಿದೆ. ಹಾಗಾಗಿ ನಾನು ಗಾಡಿಯನ್ನು ಹೆಚ್ಚುಕಮ್ಮಿ ನಿಲ್ಲಿಸಿ, ಎರಡೂ ಕಡೆಯವರ ಕಣ್ಣು ನೋಡಿ ದಾಟುತ್ತೇನೆ. ಅವರು ನನ್ನನ್ನು ನೋಡಿದರು ಅಂತ ಖಾತ್ರಿ ಆಗಬೇಕು.

ಕಿವಿಗೆ ದಿಕ್ಕು ಹೇಗೆ ಗೊತ್ತಾಗುತ್ತದೆ ಅನ್ನುವುದು ನನಗೆ ತುಂಬಾ ಇಷ್ಟದ ವಿಷಯ, ಸ್ವಲ್ಪ ಹೇಳಿಬಿಡುತ್ತೇನೆ. ಎಡಗಡೆಯಿಂದ ಶಬ್ದ ಬಂದರೆ ಎಡಗಿವಿಗೆ ಒಂದು ಚೂರು ಬೇಗ, ಒಂದು ಚೂರು ಜೋರಾಗಿ ಮುಟ್ಟುತ್ತದೆ. ಆ ಚೂರು ವ್ಯತ್ಯಾಸದಿಂದ ಮಿದುಳು ಎಡ-ಬಲ ಹೇಳುತ್ತದೆ. ಸರಿ, ನೇರ ಹಿಂದಿನಿಂದ ಬಂದರೆ? ಎರಡೂ ಕಿವಿಗೆ ಒಂದೇ ಸಮ. ನೇರ ಮುಂದಿನಿಂದ ಬಂದರೂ ಒಂದೇ ಸಮ! ಅಲ್ಲಿ ನಮ್ಮ ಸಹಾಯಕ್ಕೆ ಬರುವುದು ಹೊರಗಿವಿಯ ಮಡಿಕೆಗಳು ಮತ್ತು ತಲೆ ತಿರುಗಿಸಿ ಕೇಳುವ ಅಭ್ಯಾಸ. ಹೆಲ್ಮೆಟ್ ಹಾಕಿದಾಗ ಆ ಮಡಿಕೆಗಳು ಮುಚ್ಚಿಹೋಗುತ್ತವೆ. ಅದಕ್ಕೇ ಬೈಕಿನವರು ಸೈರನ್ ಕೇಳಿ ಮುಂದೆ ನೋಡುತ್ತಾ ಇರುತ್ತಾರೆ, ನಾನು ಹಿಂದೆ ಇರುತ್ತೇನೆ. ಹಾಗಂತ ಹೆಲ್ಮೆಟ್ ತೆಗೆಯಬೇಡಿ ಮಾರಾಯರೇ. ತಲೆಗೆ ಪೆಟ್ಟು ಬಿದ್ದವರನ್ನು ಎತ್ತಿಕೊಂಡು ಬರುವವರು ನಾವೇ. ಕನ್ನಡಿ ಇಟ್ಟುಕೊಳ್ಳಿ, ಸಾಕು. ಹೊಸ ಬೈಕ್ ತಂದ ವಾರಕ್ಕೇ ಸ್ಟೈಲ್‌ಗೆ ಅಂತ ಕನ್ನಡಿ ಬಿಚ್ಚಿಡುವವರು ಇಲ್ಲೂ ಇದ್ದೀರಿ, ಕೆಳಗೆ ಪಾರ್ಕಿಂಗಿನಲ್ಲಿ ನೋಡಿ ಬಂದೆ.

ಆಂಬುಲೆನ್ಸ್ ನಿಮ್ಮನ್ನು ದಾಟಿ ಹೋದ ಕೂಡಲೇ ಸೈರನ್ನಿನ ಸ್ವರ ಇಳಿದ ಹಾಗೆ ಕೇಳುತ್ತದಲ್ಲ, ಅದು ಡಾಪ್ಲರ್ ಪರಿಣಾಮ. ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಹೇಳಿದ್ದು. ಮೂರು ವರ್ಷದ ನಂತರ ಹಾಲೆಂಡಿನಲ್ಲಿ ರೈಲಿನ ಮೇಲೆ ತುತ್ತೂರಿ ಊದುವವರನ್ನು ಕೂರಿಸಿ ಪರೀಕ್ಷೆ ಮಾಡಿದರು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವಾಗ ಸ್ವರ ಸುಮಾರು ನೂರಕ್ಕೆ ಐದರಷ್ಟು ಏರಿರುತ್ತದೆ, ಹೋಗುವಾಗ ಹೆಚ್ಚುಕಮ್ಮಿ ಅಷ್ಟೇ ಇಳಿದಿರುತ್ತದೆ. ಸಂಗೀತ ಕಲಿತವರಿಗೆ ಹೇಳುವುದಾದರೆ ರಿ ಇಂದ ಸ ಗೆ ಇಳಿದ ಹಾಗೆ. ಸ್ವರ ಇಳಿಯಿತು ಅಂದರೆ ಗಾಡಿ ನಿಮ್ಮನ್ನು ದಾಟಿತು. ಆದರೆ ಆಗಲೇ ರಸ್ತೆಗೆ ನುಗ್ಗಬೇಡಿ. ಒಂದರ ಹಿಂದೆ ಇನ್ನೊಂದು ಇರಬಹುದು. ಬಸ್ ಅಪಘಾತ ಆದಾಗ ಅಗ್ನಿಶಾಮಕ ಗಾಡಿ, ಪೊಲೀಸ್ ಜೀಪ್, ಎರಡು ಆಂಬುಲೆನ್ಸ್ ಸಾಲಾಗಿ ಹೋಗುತ್ತವೆ. ಮೊದಲನೆಯದು ಹೋದ ತಕ್ಷಣ ಜನ ರಸ್ತೆಗೆ ಬರುತ್ತಾರೆ, ಎರಡನೆಯದಕ್ಕೆ ಸಿಕ್ಕಿಕೊಳ್ಳುತ್ತಾರೆ. ಅದಕ್ಕೇ ಎರಡು ಗಾಡಿ ಜೊತೆಗೆ ಹೋಗುವಾಗ ಒಬ್ಬರು ಉದ್ದದ ಕೂಗು, ಇನ್ನೊಬ್ಬರು ಬಡಬಡ ಕೂಗು ಹಾಕಬೇಕು. ಎರಡೂ ಒಂದೇ ಆದರೆ ಕೇಳುವವರಿಗೆ ಒಂದೇ ಗಾಡಿ ಅನ್ನಿಸುತ್ತದೆ.

ಅಂದಹಾಗೆ, ಅಗ್ನಿಶಾಮಕ ಗಾಡಿ, ಆಂಬುಲೆನ್ಸ್ ಎರಡೂ ಒಟ್ಟಿಗೆ ಬಂದರೆ ಯಾರಿಗೆ ಮೊದಲು ದಾರಿ? ಆಂಬುಲೆನ್ಸಿಗೆ ಅಂದುಕೊಂಡಿರುತ್ತೀರಿ. 2017ರ ಚಾಲನಾ ನಿಯಮಗಳಲ್ಲಿ ಮೊದಲು ಅಗ್ನಿಶಾಮಕ, ಆಮೇಲೆ ಆಂಬುಲೆನ್ಸ್, ಆಮೇಲೆ ಪೊಲೀಸ್. ಬೆಂಕಿ ಒಂದು ಮನೆಯಿಂದ ಪಕ್ಕದ ಮನೆಗೆ ಹೋಗುತ್ತದೆ. ನನಗೆ ಈ ಕ್ರಮ ಸರಿ ಅನ್ನಿಸುತ್ತದೆ.

ಈಗ ದೀಪಕ್ಕೆ ಬರೋಣ. ನಮ್ಮ ಜನ ಇವತ್ತಿಗೂ ದೊಡ್ಡವರ ಕಾರಿಗೆ ಗೂಟದ ಕಾರು ಅಂತಾರೆ. ಆ ಗೂಟ 2017ರ ಮೇ 1ಕ್ಕೆ ಹೋಯಿತು. ಮಂತ್ರಿಗಳ ಕಾರಿನ ಕೆಂಪು ದೀಪವನ್ನೂ ತೆಗೆದರು. ನನ್ನ ಮಟ್ಟಿಗೆ ಅದು ಬಹಳ ಒಳ್ಳೆಯ ಕೆಲಸ. ದೀಪ ಅಂದರೆ ದರ್ಪ ಅನ್ನುವ ಭಾವನೆ ಜನರಲ್ಲಿ ಬಂದರೆ, ನಿಜವಾದ ತುರ್ತಿಗೂ ದಾರಿ ಬಿಡಲು ಮನಸ್ಸು ಬರುವುದಿಲ್ಲ. ಬೈಕಿಗೆ, ಕಾರಿಗೆ ಸುಮ್ನೆ ಸೈರನ್ ಹಾಕಿಸಿಕೊಳ್ಳುವವರ ಮೇಲೆ ನನಗೆ ಕೋಪ ಬರುವುದೂ ಇದಕ್ಕೇ. ಬೇರೆ ಬೇರೆ ಸ್ವರದಲ್ಲಿ ಕೂಗುವ ಹಾರ್ನ್ ಆಂಬುಲೆನ್ಸ್, ಅಗ್ನಿಶಾಮಕ, ಪೊಲೀಸ್‌ನಂಥ ಕೆಲವೇ ಗಾಡಿಗಳಿಗೆ ಮೀಸಲು. ಬೇರೆಯವರು ಹಾಕಿದರೆ ಕಾನೂನಿಗೆ ವಿರುದ್ಧ.

ದೀಪ ಯಾಕೆ ಮಿನುಗಬೇಕು? ಮುಂಗಾರಿಗೆ ಮುಂಚೆ ನಮ್ಮ ಮಲೆನಾಡಿನಲ್ಲಿ ಮಿಂಚುಹುಳ ಬರುತ್ತವಲ್ಲ, ಅವನ್ನು ನೆನಪು ಮಾಡಿಕೊಳ್ಳಿ. ಎಷ್ಟು ಸಣ್ಣ ಬೆಳಕು! ಆದರೂ ಕಣ್ಣಂಚಿನಲ್ಲಿ ಕಾಣುತ್ತದೆ. ಕಣ್ಣಿನ ಅಂಚಿಗೆ ಅಕ್ಷರ ಓದಲು ಬರುವುದಿಲ್ಲ, ಆದರೆ ಬದಲಾವಣೆಯನ್ನು ಅದು ತಪ್ಪದೆ ಹಿಡಿಯುತ್ತದೆ. ಒಂದೇ ಸಮ ಉರಿಯುವ ದೀಪ ಬೀದಿ ದೀಪಗಳ ನಡುವೆ ಕಳೆದುಹೋಗುತ್ತದೆ. ಹತ್ತಿ ಆರಿ ಹತ್ತುವ ದೀಪ ಕಳೆದುಹೋಗುವುದಿಲ್ಲ.

ಕೆಂಪು, ನೀಲಿ ಎರಡೂ ಯಾಕೆ? ಮನೆಯಲ್ಲೇ ನೋಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ಅಂಗಳದ ಕೆಂಪು ದಾಸವಾಳವನ್ನು ಸಂಜೆ ಐದಕ್ಕೆ ನೋಡಿ. ಹೂವು ಕೆಂಪಗೆ ಎದ್ದು ಕಾಣುತ್ತದೆ, ಎಲೆ ಮಂಕು. ಅಲ್ಲೇ ಕೂತಿರಿ. ಸೂರ್ಯ ಮುಳುಗಿ ಕತ್ತಲು ಕವಿಯುವಾಗ ಮತ್ತೆ ನೋಡಿ. ಹೂವು ಕಪ್ಪಾಗಿರುತ್ತದೆ, ಎಲೆಯೇ ಹೂವಿಗಿಂತ ತಿಳಿಯಾಗಿ ಕಾಣುತ್ತದೆ. ಕತ್ತಲಾದ ಹಾಗೆ ನಮ್ಮ ಕಣ್ಣು ಕೆಂಪನ್ನು ಕೈಬಿಟ್ಟು ನೀಲಿಯ ಕಡೆಗೆ ವಾಲುತ್ತದೆ. ಇದನ್ನು ಇನ್ನೂರು ವರ್ಷದ ಹಿಂದೆ ಗಮನಿಸಿ ಹೇಳಿದವರು ಪುರ್ಕಿನ್ಯೆ ಅನ್ನುವ ಚೆಕ್ ವಿಜ್ಞಾನಿ. ಅವರೂ ಹೂವು ನೋಡಿಯೇ ಕಂಡುಕೊಂಡಿದ್ದು. ಇನ್ನೊಂದು ಕಾರಣವೂ ಇದೆ. ರಾತ್ರಿ ರಸ್ತೆ ತುಂಬ ಬ್ರೇಕ್ ಲೈಟ್, ಟೇಲ್ ಲ್ಯಾಂಪ್, ಎಲ್ಲ ಕೆಂಪು. ಅದರ ನಡುವೆ ಇನ್ನೊಂದು ಕೆಂಪು ಯಾರ ಕಣ್ಣಿಗೆ ಬೀಳುತ್ತದೆ? ನೀಲಿ ಬೀಳುತ್ತದೆ.

ಅದೇ ನೀಲಿ ಕಣ್ಣಿಗೆ ಹೊಡೆಯುತ್ತದೆ ಕೂಡ. ರಾತ್ರಿ ಅಪಘಾತದ ಜಾಗದಲ್ಲಿ ಗಾಡಿ ನಿಲ್ಲಿಸಿ ಎಲ್ಲ ದೀಪ ಹಾಕಿ ಇಟ್ಟರೆ, ಎದುರಿನಿಂದ ಬರುವ ಲಾರಿಯವರಿಗೆ ಬೆಳಕು ಮಾತ್ರ ಕಾಣುತ್ತದೆ. ರಸ್ತೆಯಲ್ಲಿ ಬಗ್ಗಿ ಗಾಯಾಳುವನ್ನು ಎತ್ತುತ್ತಿರುವ ಇಎಂಟಿ ಕಾಣುವುದಿಲ್ಲ. ಹಾಗಾಗಿ ನಿಂತ ಮೇಲೆ ನಾನು ದೀಪ ಕಮ್ಮಿ ಮಾಡುತ್ತೇನೆ.

ಮಂಜಿನಲ್ಲಂತೂ ಅದರ ಕಥೆಯೇ ಬೇರೆ. ಒಂದು ಮಳೆಗಾಲದ ರಾತ್ರಿ ಚಾರ್ಮಾಡಿ ಘಾಟಿಯಲ್ಲಿ ಕೆಳಗಿನಿಂದ ಮೇಲೆ ಬರುತ್ತಿದ್ದೆವು. ಘಾಟಿಯಲ್ಲಿ ಬೈಕಿನಿಂದ ಬಿದ್ದ ಹುಡುಗ ಹಿಂದೆ ಮಲಗಿದ್ದ, ಕಾಲು ಮುರಿದಿತ್ತು. ಮಂಜು ಎಷ್ಟಿತ್ತು ಅಂದರೆ ನಮ್ಮ ಬಾನೆಟ್ಟೇ ಸರಿಯಾಗಿ ಕಾಣುತ್ತಿರಲಿಲ್ಲ. ಮೇಲಿನ ಲೈಟ್ ಬಾರ್ ಒಂದೊಂದು ಸಲ ಹತ್ತಿದಾಗಲೂ ಮುಂದಿನ ಮಂಜೆಲ್ಲ ನೀಲಿ ಗೋಡೆ ಆಗುತ್ತಿತ್ತು, ಆರಿದಾಗ ಕಪ್ಪು. ನನ್ನ ದೀಪವೇ ನನ್ನ ಕಣ್ಣು ಕಟ್ಟುತ್ತಿತ್ತು. ಲೈಟ್ ಬಾರ್ ಆರಿಸಿದೆ. ಹೆಡ್‌ಲೈಟ್ ಡಿಮ್ ಮಾಡಿದೆ. ಸೈರನ್ ಗುಡ್ಡಕ್ಕೆ ಬಡಿದು ಎದುರಿನಿಂದ ವಾಪಸ್ ಬರುತ್ತಿತ್ತು, ಮುಂದೆ ಇನ್ನೊಂದು ಆಂಬುಲೆನ್ಸ್ ಇಳಿಯುತ್ತಿದೆಯೇನೋ ಅನ್ನುವ ಹಾಗೆ. ಅದನ್ನೂ ನಿಲ್ಲಿಸಿದೆ. ಮುಂದೆ ಒಂದು ಮೀನಿನ ಲಾರಿ ಹೋಗುತ್ತಿತ್ತು. ಆ ಡ್ರೈವರ್ ಸೈರನ್ ಮೊದಲೇ ಕೇಳಿಸಿಕೊಂಡಿದ್ದರು ಅನಿಸುತ್ತದೆ. ಆ ತಿರುವುಗಳಲ್ಲಿ ನನಗೆ ಸೈಡ್ ಕೊಡುವುದು ಅಪಾಯ ಅಂತ ಅವರಿಗೆ ಗೊತ್ತಿತ್ತು. ನಾಲ್ಕೂ ಇಂಡಿಕೇಟರ್ ಹಾಕಿ, ಸ್ವಲ್ಪ ವೇಗ ಹೆಚ್ಚಿಸಿ, ನನ್ನ ಮುಂದೆಯೇ ಹೋದರು. ನಾನು ಆ ಹಳದಿ ದೀಪ ನೋಡಿಕೊಂಡೇ ತಿರುವು ತಿರುವು ಹತ್ತಿದೆ. ಎದುರಿಂದ ಗಾಡಿ ಬಂದಾಗಲೆಲ್ಲ ಅವರ ಕೈ ಕಿಟಕಿಯಿಂದ ಹೊರಗೆ ಬಂದು "ನಿಧಾನ" ಅನ್ನುತ್ತಿತ್ತು. ಕೊಟ್ಟಿಗೆಹಾರಕ್ಕೆ ಬರುವಾಗ ಮಂಜು ತಿಳಿಯಾಯಿತು. ಲಾರಿ ಎಡಕ್ಕೆ ನಿಂತಿತು. ದಾಟುವಾಗ ನಾನು ಹಾರ್ನ್ ಮಾಡಿದೆ, ಅವರು ಲೈಟ್ ಮಿನುಗಿಸಿದರು. ಅವರ ಮುಖ ನಾನು ನೋಡಲೇ ಇಲ್ಲ.

ಜನ ನನ್ನನ್ನು ಹೆಚ್ಚು ಕೇಳುವ ಪ್ರಶ್ನೆ ಒಂದಿದೆ: "ಖಾಲಿ ಗಾಡಿಗೂ ಸೈರನ್ ಹಾಕ್ಕೊಂಡು ಹೋಗ್ತೀರಲ್ಲ, ಯಾಕೆ?" ನೋವಾಗುತ್ತದೆ ಈ ಮಾತು ಕೇಳಿದಾಗ. ಗಾಡಿ ಖಾಲಿ ಇದೆ ಅಂದರೆ ರೋಗಿ ಇನ್ನೂ ಸಿಕ್ಕಿಲ್ಲ ಅಂತ. ಒಳಗೆ ರೋಗಿ ಇದ್ದರೆ ಅವರ ಪಕ್ಕದಲ್ಲಿ ಇಎಂಟಿ ಇದ್ದಾರೆ, ಆಕ್ಸಿಜನ್ ಇದೆ, ಔಷಧ ಇದೆ. ಖಾಲಿ ಹೋಗುವಾಗ ಆ ಕಡೆ ಯಾರೋ ಒಬ್ಬರು ಮನೆಯ ಜಗಲಿ ಮೇಲೆ, ಇಲ್ಲವೇ ರಸ್ತೆ ಬದಿಯಲ್ಲಿ, ಏನೂ ಇಲ್ಲದೆ ಕಾಯುತ್ತಿದ್ದಾರೆ. ದಾರಿ ಜಾಸ್ತಿ ಬೇಕಾಗಿರುವುದು ಖಾಲಿ ಗಾಡಿಗೇ. ಸೈರನ್ ದುರುಪಯೋಗ ಮಾಡುವವರು ಇಲ್ಲ ಅಂತ ನಾನು ಹೇಳುವುದಿಲ್ಲ, ಇದ್ದಾರೆ. ಆದರೆ ಯಾವುದು ನಿಜ, ಯಾವುದು ಸುಳ್ಳು ಅಂತ ರಸ್ತೆಯಲ್ಲಿ ನಿಂತು ತೀರ್ಮಾನ ಮಾಡಲು ನಿಮಗೆ ಆಗುವುದಿಲ್ಲ, ಅಲ್ವಾ? ದಾರಿ ಕೊಟ್ಟುಬಿಡಿ.

ಇದರ ಜೊತೆ ಇನ್ನೊಂದು ತಪ್ಪು ತಿಳಿವಳಿಕೆ. ಓಡುತ್ತಿರುವ ಆಂಬುಲೆನ್ಸಿನ ಸೈರನ್ ನಿಂತರೆ "ಅಯ್ಯೋ, ಹೋದರು" ಅಂತ ಜನ ಕೈ ಮುಗಿಯುತ್ತಾರೆ. ಹಾಗಲ್ಲ. ಬಿ.ಪಿ. ನೋಡುವಾಗ ಇಎಂಟಿ ಸ್ಟೆತಾಸ್ಕೋಪಿನಲ್ಲಿ ತುಂಬಾ ಮೆಲ್ಲಗಿನ ಟಕ್ ಟಕ್ ಸದ್ದು ಹಿಡಿಯಬೇಕು. ಸೈರನ್ ಇದ್ದರೆ ಅದು ಕೇಳುವುದೇ ಇಲ್ಲ. ಹಿಂದಿನ ಸಣ್ಣ ಕಿಟಕಿ ತಟ್ಟುತ್ತಾರೆ, ನಾನು ಅರ್ಧ ನಿಮಿಷ ಆರಿಸುತ್ತೇನೆ. ರೋಗಿಯ ಸ್ಥಿತಿ ಸ್ಥಿರವಾಗಿದ್ದು, ರಸ್ತೆ ಖಾಲಿ ಇದ್ದರೆ ಹಾಕುವುದೇ ಇಲ್ಲ. ಒಮ್ಮೆ ಎದೆನೋವಿನ ಅಜ್ಜಿಯೊಬ್ಬರನ್ನು ಬೇಲೂರು ದಾಟಿ ಹಾಸನಕ್ಕೆ ಕರೆದುಕೊಂಡು ಹೋಗುತ್ತಿದ್ದೆವು. ಸೈರನ್ ಕೇಳಿ ಕೇಳಿ ಅಜ್ಜಿ "ಮಗಾ, ನಂಗೆ ಅಷ್ಟು ಜೋರಾಗಿದೆಯಾ?" ಅಂತ ಇಎಂಟಿ ಕೈ ಹಿಡಿದುಕೊಂಡರು. ಆರಿಸಿದೆ. ಅಜ್ಜಿಯ ನಾಡಿ ಸ್ವಲ್ಪ ಹೊತ್ತಿಗೆ ಇಳಿಯಿತು.

ಸೈರನ್ ಹಾಕಿ ಜೋರಾಗಿ ಹೋದರೆ ಉಳಿಯುವ ಸಮಯವೂ ನೀವಂದುಕೊಂಡಷ್ಟಿಲ್ಲ. ಐದು ಕಿಲೋಮೀಟರ್ ದಾರಿಯನ್ನು 50ರ ಬದಲು 70ರಲ್ಲಿ ಹೋದರೆ ಉಳಿಯುವುದು ಎರಡು ನಿಮಿಷಕ್ಕಿಂತ ಕಮ್ಮಿ. ಉಸಿರು ನಿಂತವರಿಗೆ ಆ ಎರಡು ನಿಮಿಷ ಬಹಳ ದೊಡ್ಡದು. ಕೈ ಮುರಿದವರಿಗೆ ಅದಕ್ಕಾಗಿ ಹತ್ತು ಜನರನ್ನು ಅಪಾಯಕ್ಕೆ ದೂಡುವುದು ಸರಿಯಲ್ಲ. ಯಾವಾಗ ಹಾಕಬೇಕು ಅನ್ನುವ ವಿವೇಕ ಪೈಲಟ್‌ಗೆ ಇರಲೇಬೇಕು.

ಕಾನೂನು ಬೇಗ ಹೇಳಿ ಮುಗಿಸುತ್ತೇನೆ. ತುರ್ತು ವಾಹನಕ್ಕೆ ದಾರಿ ಬಿಡದವರಿಗಾಗಿ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 194ಇ ಕಲಂ ಸೇರಿಸಿದರು. ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ ಅಂತ ಕಾಯ್ದೆಯಲ್ಲಿದೆ. ನಮ್ಮ ಹಿಂದೆಯೇ ಬರುವವರು 50 ಮೀಟರ್ ದೂರ ಇರಬೇಕು ಅಂತಲೂ ನಿಯಮ ಇದೆ. ಇದು ಹುಡುಗರಿಗೆ ಹೇಳುತ್ತಿದ್ದೇನೆ. ನಾವು ಮಾಡಿಕೊಂಡ ದಾರಿಯಲ್ಲಿ ನಮ್ಮ ಬೆನ್ನಿಗೇ ಬೈಕ್ ನುಗ್ಗಿಸಿಕೊಂಡು ಬರುತ್ತೀರಿ. ನಾನು ಬ್ರೇಕ್ ಹೊಡೆದರೆ ನೀವು ನನ್ನ ಹಿಂಬಾಗಿಲಿಗೆ ಬಂದು ಬೀಳುತ್ತೀರಿ. ಆ ಬಾಗಿಲ ಒಳಗೆ ರೋಗಿ ಇರುತ್ತಾರೆ.

ಸರಿ, ಮೊದಲ ಪ್ರಶ್ನೆಗೆ ಬರೋಣ. ಸೈರನ್ ಕೇಳಿತು. ಆಟೊ ಅಣ್ಣ ಹೇಳಿದ್ದೇ ಸರಿ, ಮೊದಲು ಕನ್ನಡಿ. ಎಲ್ಲಿದೆ, ಯಾವ ಕಡೆಯಿಂದ ಬರುತ್ತಿದೆ ನೋಡಿ. ಹಾಡು ಕಮ್ಮಿ ಮಾಡಿ. ಎಡಗಡೆ ಇಂಡಿಕೇಟರ್ ಹಾಕಿ. ಆ ಇಂಡಿಕೇಟರ್ ಕಂಡರೆ ನನಗೆ ಅರ್ಧ ಭಾರ ಇಳಿಯುತ್ತದೆ, ನೀವು ನನ್ನನ್ನು ನೋಡಿದಿರಿ ಅಂತ ಗೊತ್ತಾಗುತ್ತದೆ. ಆಮೇಲೆ ನಿಧಾನವಾಗಿ ಸರಿಯಿರಿ. ತಿರುವಿನಲ್ಲಿ, ಸೇತುವೆ ಮೇಲೆ ನಿಲ್ಲಬೇಡಿ, ಮುಂದೆ ಅಗಲ ಜಾಗ ಸಿಗುವವರೆಗೆ ಹೋಗಿ. ಮುಳ್ಳಯ್ಯನಗಿರಿ ದಾರಿಯಲ್ಲಿ ಶನಿವಾರ, ಭಾನುವಾರ ಜೀಪ್ ಓಡಿಸುವವರು ಇದನ್ನು ಪ್ರವಾಸಿಗರಿಗೂ ಹೇಳಿ, ಅವರಿಗೆ ನಮ್ಮ ರಸ್ತೆ ಗೊತ್ತಿರುವುದಿಲ್ಲ. ಹಾಸನದಲ್ಲಿ ಹಾಸನಾಂಬೆ ಬಾಗಿಲು ತೆರೆದ ದಿನಗಳಲ್ಲಿ ನಡೆದು ಹೋಗುವ ಜನವೇ ರಸ್ತೆ ತುಂಬ ಇರುತ್ತಾರೆ. ಅಲ್ಲಿ ಸೈರನ್ನಿಗಿಂತ ಮೈಕಿನಲ್ಲಿ "ಸ್ವಲ್ಪ ದಾರಿ ಬಿಡಿ ಅಮ್ಮಾ" ಅಂದರೆ ಬೇಗ ದಾರಿ ಸಿಗುತ್ತದೆ.

ಕೆಂಪು ಸಿಗ್ನಲ್ಲಿನಲ್ಲಿ ನಿಂತಾಗ ಹಿಂದೆ ಆಂಬುಲೆನ್ಸ್ ಬಂದರೆ ಏನು ಮಾಡುವುದು ಅಂತ ಒಬ್ಬರು ಕೇಳಿದ್ದಾರೆ. ಸರ್ಕಲ್ಲಿಗೆ ನುಗ್ಗಬೇಡಿ. ಅಡ್ಡ ಬರುವವರಿಗೆ ಹಸಿರು ಇರುತ್ತದೆ, ಅವರಿಗೆ ನೀವು ಕಾಣುವುದಿಲ್ಲ. ಇದ್ದ ಜಾಗದಲ್ಲೇ ಎಡಕ್ಕೆ ಒತ್ತಿಕೊಳ್ಳಿ. ಆಟೊ ಒಂದು ಅಡಿ ಸರಿದರೂ ಪಕ್ಕದವರಿಗೆ ಧೈರ್ಯ ಬರುತ್ತದೆ, ಅವರೂ ಸರಿಯುತ್ತಾರೆ. ನನಗೆ ಬೇಕಾಗಿರುವುದು ಎಂಟು ಅಡಿ ಅಗಲ, ಅಷ್ಟೆ.

ನನ್ನ ಗಾಡಿ ಕೆಳಗೆ ನಿಂತಿದೆ. ಸೈರನ್ ಹಾಕಿ ತೋರಿಸುವುದಿಲ್ಲ, ಸುತ್ತ ಮನೆಗಳಿವೆ, ಸುಮ್ನೆ ಯಾರಾದರೂ ಗಾಬರಿ ಆಗಬಾರದು. ಲೈಟ್ ಮಾತ್ರ ಹಾಕುತ್ತೇನೆ. ಮುಂದೆ ಒಂದು ಆಟೊ ನಿಲ್ಲಿಸಿ. ಒಬ್ಬೊಬ್ಬರೇ ಡ್ರೈವರ್ ಸೀಟಿನಲ್ಲಿ ಕೂತು ಕನ್ನಡಿ ನೋಡಿ. ನನ್ನ ಬಾನೆಟ್ ಮೇಲೆ ಆಂಬುಲೆನ್ಸ್ ಅನ್ನುವ ಇಂಗ್ಲಿಷ್ ಅಕ್ಷರಗಳನ್ನು ಯಾಕೆ ಉಲ್ಟಾ ಬರೆದಿದ್ದಾರೆ ಅಂತ ಕೇಳಿದ ಹುಡುಗಿ ಮೊದಲು ಬಾಮ್ಮ. ಕನ್ನಡಿಯಲ್ಲಿ ಅದು ನೇರವಾಗಿ ಕಾಣುತ್ತಾ ಅಂತ ನೀನೇ ನೋಡಿ ಎಲ್ಲರಿಗೂ ಹೇಳು.